ಮುಳುಗಿದ ದಿಮ್ಮಿ ಭಾರಕ್ಕೇ ಕೂತಿರುತ್ತಾ? ಸತ್ಯಾಂಶ ಇಲ್ಲಿದೆ

"ನದಿ ತಳದಲ್ಲಿರೋ ದೊಡ್ಡ ದಿಮ್ಮಿ ಅಲ್ಲಾಡಲ್ಲ, ಅದನ್ನ ಹಿಡ್ಕೊಂಡು ಆರಾಮಾಗಿ ದಾಟ್ಬಹುದು" ಅಂತ ಒಂದು ಮೆಸೇಜ್ ಫಾರ್ವರ್ಡ್ ಆಗ್ತಿದೆ. ಇದು ತಪ್ಪು, ನಂಬಿದ್ರೆ ಜೀವಕ್ಕೇ ಅಪಾಯ.

4 ಮೀಟರ್ ಉದ್ದ, ಅರ್ಧ ಮೀಟರ್ ದಪ್ಪದ, ನೀರು ಕುಡಿದು ಮುಳುಗಿರೋ ದಿಮ್ಮಿ ತಗೊಳ್ಳಿ. ದಡದ ಮೇಲೆ ಅದು ಸುಮಾರು 860 ಕೆಜಿ ತೂಗುತ್ತೆ ಅಂದ್ಕೊಂಡ್ರೂ ನೀರೊಳಗೆ ಕೆಳಗಿಂದ ಮೇಲಕ್ಕೆ ತಳ್ಳೋ ಬಲ ಇರೋದ್ರಿಂದ ತಳದ ಮೇಲೆ ಬೀಳೋದು ಬರೀ 80 ಕೆಜಿಯಷ್ಟು ಭಾರ. ಅದು ಅಡ್ಡಡ್ಡ ಬಿದ್ದಿದ್ರೆ, ಸೆಕೆಂಡಿಗೆ 1 ಮೀಟರ್ ಹರಿಯೋ ನೀರು ಸುಮಾರು 100 ಕೆಜಿ ಭಾರದಷ್ಟು ಬಲದಲ್ಲಿ ತಳ್ಳುತ್ತೆ. ವೇಗ ಡಬಲ್ ಆದ್ರೆ ಬಲ ಡಬಲ್ ಅಲ್ಲ, ನಾಲ್ಕು ಪಟ್ಟು, ಅಂದ್ರೆ 400! ತಳ್ಳೋದು ಮುಂದಿನಿಂದ ಮಾತ್ರಾನೂ ಅಲ್ಲ, ದಿಮ್ಮಿ ಹಿಂದೆ ಸುಳಿ ಎದ್ದು ಒತ್ತಡ ಕಮ್ಮಿಯಾಗಿ ಆ ಕಡೆಗೆ ಎಳೀತದೆ, ಮೇಲಿಂದ ಜೋರಾಗಿ ಹಾಯೋ ನೀರು ಸ್ವಲ್ಪ ಎತ್ತೂ ಎತ್ತುತ್ತೆ, ಹಾಗಾಗಿ ಅದು ಉರುಳಿಬಿಡಬಹುದು.

ಬೇರು, ಬಂಡೆಗೆ ಸಿಕ್ಕಿ ಗಟ್ಟಿಯಾಗಿ ನಿಂತಿದ್ರೆ? ಅದು ಇನ್ನೂ ಡೇಂಜರ್ ಕಣ್ರೀ. ಕೊಂಬೆ ಸಂದಿಲಿ ನೀರು ಜರಡಿ ಥರ ತೂರಿ ಹೋಗುತ್ತೆ, ಮನುಷ್ಯ ಮಾತ್ರ ಅಲ್ಲೇ ಒತ್ತಿಹೋಗ್ತಾನೆ, ಈಜು ಬಂದ್ರೂ ಬಿಡಿಸ್ಕೊಳ್ಳೋದು ತುಂಬಾ ಕಷ್ಟ. ದಯವಿಟ್ಟು ದಿಮ್ಮಿಯಿಂದ ದೂರಾನೇ ಇರಿ.