ಗೋಡೆ ನೆಕ್ಕುವ ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ, ನೋಡಿಸಿದ್ದೀರಾ?

ಸ್ಪೀಚ್ ಥೆರಪಿ ಮಾಡುವ ಎಲ್ಲರಿಗೂ ಒಂದು ಮಾತು. ಆಟಿಸಂ ಇರುವ ಮಗುವಿನ ಕೇಸ್ ಹಿಸ್ಟರಿ ಬರೆದುಕೊಳ್ಳುವಾಗ ಹೆರಿಗೆ ಹೇಗಾಯ್ತು, ಮೊದಲ ಮಾತು ಯಾವಾಗ ಬಂತು, ಫಿಟ್ಸ್ ಇತ್ತಾ ಎಂದೆಲ್ಲ ಕೇಳುತ್ತೇವೆ. ಮಗು ಏನೇನು ಬಾಯಿಗೆ ಹಾಕಿಕೊಳ್ಳುತ್ತದೆ ಎನ್ನುವುದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಅಲ್ಲೇ ಹತ್ತು ನಿಮಿಷ ನಿಲ್ಲಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಸೀಸದಿಂದಲೇ ಆಟಿಸಂ ಬರುತ್ತದೆ ಎಂದು ಸಾಬೀತಾಗಿಲ್ಲ. ಪೋಷಕರಿಗೆ ಹಾಗೆ ಹೇಳಲೇಬೇಡಿ. ಕೆಲವು ಅಧ್ಯಯನಗಳಲ್ಲಿ ಆಟಿಸಂ ಇರುವ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚು ಕಂಡಿದೆ, ನಿಜ. ಆದರೆ ಯಾವುದು ಮೊದಲು? ಬೇರೆ ಮಕ್ಕಳು ಎರಡು–ಮೂರು ವರ್ಷಕ್ಕೆ ಬಿಡುವ ಬಾಯಿಗಿಡುವ ಅಭ್ಯಾಸ ಇವರಲ್ಲಿ ಅನೇಕರಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೂ ಇರುತ್ತದೆ. ಹಾಗಾಗಿ ಸೀಸ ಒಳಗೆ ಹೋಗುವ ಕಾಲವೂ ಉದ್ದ. ನುಂಗಿದ ಸೀಸದಲ್ಲಿ ಸುಮಾರು ಅರ್ಧದಷ್ಟನ್ನು ಚಿಕ್ಕ ಮಗುವಿನ ಮೈ ಹೀರಿಕೊಳ್ಳುತ್ತದೆ. ದೊಡ್ಡವರಲ್ಲಿ ಹತ್ತರಲ್ಲೊಂದು ಪಾಲು. ಗಮನ, ಕಲಿಕೆ, ಭಾಷೆ, ಕೇಳುವ ಶಕ್ತಿ ಎಲ್ಲಕ್ಕೂ ಅದು ಪೆಟ್ಟು ಕೊಡುತ್ತದೆ. ನಾವು ವಾರಕ್ಕೆರಡು ದಿನ ಕೂತು ಕಲಿಸುವುದೂ ಅದನ್ನೇ ಅಲ್ಲವೇ?

‘ಮಣ್ಣು ತಿನ್ನುತ್ತಾನಾ?’ ಎಂದು ಕೇಳಿದರೆ ‘ಇಲ್ಲ ಮೇಡಂ’ ಎನ್ನುತ್ತಾರೆ. ಬಿಡಿಸಿ ಕೇಳಿ. ಕಿಟಕಿ ಸರಳು ಕಚ್ಚುತ್ತಾನಾ, ಗೋಡೆ ಕೆರೆದು ಉಗುರು ಚೀಪುತ್ತಾನಾ, ಬಳಪ ತಿನ್ನುತ್ತಾನಾ? ಸರಳಿನ ಬಣ್ಣ ಒಮ್ಮೆ ಹತ್ತಿರದಿಂದ ನೋಡಿ: ಮೇಲೆ ಬಿಳಿ, ಚಕ್ಕೆ ಎದ್ದಲ್ಲಿ ಹಸಿರು, ಅದರಡಿ ಕೆಂಪು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅಡಿಯ ಪದರಗಳು ಅದಕ್ಕೂ ಹಿಂದಿನವು.

ಆಮೇಲೆ ಮನೆಯವರ ಕೆಲಸ. ಬ್ಯಾಟರಿ ರಿಪೇರಿ, ಗುಜರಿ, ಬೆಸುಗೆ, ಹಳೇ ಪೇಂಟ್ ಉಜ್ಜುವುದು ಇದ್ದರೆ ಧೂಳು ಬಟ್ಟೆಯಲ್ಲೇ ಮನೆಗೆ ಬರುತ್ತದೆ. ಕಣ್ಣಿಗೆ ಹಚ್ಚುವ ಸುರ್ಮಾ, ಭಸ್ಮ ಸೇರಿದ ಔಷಧಿಗಳನ್ನೂ ಕೇಳಿ. ಕಲಾಯಿ ಹಾಕುವ ತವರದಲ್ಲಿ ಸೀಸ ಬೆರೆತಿದ್ದರೆ, ಆ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಕುದಿಸಿದಾಗ ಅದು ಸಾರಿಗೆ ಇಳಿಯುತ್ತದೆ. ಅರಿಶಿನದ ಬಗ್ಗೆ ಒಂದು ತಪ್ಪು ನಂಬಿಕೆ ಇದೆ: ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿದರೆ ಚಿಂತೆಯಿಲ್ಲ ಅಂತ. ಹೊಳಪು ಬರಲೆಂದು ಕೊಂಬಿಗೇ ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಬಣ್ಣ ಸವರುವುದುಂಟು. ಬಾಂಗ್ಲಾದೇಶದಲ್ಲಿ ಇದನ್ನು ಹಿಡಿದು, ದಂಡ ಹಾಕಿ, ತಿಳಿಹೇಳಿದ ಮೇಲೆ ಸೀಸ ಕಂಡ ಮಾರುಕಟ್ಟೆಯ ಅರಿಶಿನದ ಮಾದರಿಗಳು 2019ರ ಶೇ. 47ರಿಂದ 2021ಕ್ಕೆ ಸೊನ್ನೆಗೆ ಇಳಿದವು. ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ಒಂದೆರಡು ಉತ್ತರ ‘ಹೌದು’ ಎಂದು ಬಂದರೂ ಮಕ್ಕಳ ವೈದ್ಯರಿಗೆ ಚೀಟಿ ಬರೆಯಿರಿ: ರಕ್ತದ ಸೀಸ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಪರೀಕ್ಷೆ). ಕಬ್ಬಿಣಾಂಶ ಕಡಿಮೆಯಾದ ಮಗು ಮಣ್ಣು ತಿನ್ನುತ್ತದೆ, ಸೀಸವನ್ನೂ ಹೆಚ್ಚು ಹೀರುತ್ತದೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹೆಚ್ಚು ಬಂದರೆ ಹೆದರಿಸಬೇಡಿ, ಚರ್ಮದ ಮೇಲಿನ ಧೂಳೇ ಸೇರಿರಬಹುದು. ರಕ್ತನಾಳದಿಂದ ತೆಗೆಸಿ ಖಚಿತಪಡಿಸಿಕೊಳ್ಳಬೇಕು. ಕೂದಲಿನ ಪರೀಕ್ಷೆಯನ್ನು ನಂಬಬೇಡಿ. ಲೋಹ ಹೊರಹಾಕುವ ಔಷಧಿ ಕೊಟ್ಟು ಮೂತ್ರದಲ್ಲಿ ಸೀಸ ಅಳೆಯುವುದನ್ನೂ ನಂಬಬೇಡಿ. ಔಷಧಿ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಹೆಚ್ಚೇ ಬರುತ್ತದೆ. ಸೀಸ ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತಕ್ಕೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತೆಗೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ 3.5ಕ್ಕೇ ಎಚ್ಚರಿಸುತ್ತದೆ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ: ‘ಮೈಯಲ್ಲಿರುವ ಲೋಹ ತೆಗೆದರೆ ಆಟಿಸಂ ಹೋಗುತ್ತದೆ’ ಎಂದು ಚಿಲೇಶನ್ (ಔಷಧಿ ಕೊಟ್ಟು ಲೋಹವನ್ನು ಮೂತ್ರದಲ್ಲಿ ಹೊರಹಾಕಿಸುವುದು) ಮಾರುವವರು. ಚಿಲೇಶನ್ ಸಾಮಾನ್ಯವಾಗಿ ರಕ್ತದ ಸೀಸ 45 ಮೈಕ್ರೋಗ್ರಾಂ ದಾಟಿದ ಮಗುವಿಗೆ, ಮೂಲ ತೆಗೆದ ಮೇಲೆ, ವೈದ್ಯರ ಕಣ್ಣೆದುರು ಕೊಡುವ ಚಿಕಿತ್ಸೆ. ಅಮೆರಿಕದಲ್ಲಿ ರಕ್ತದ ಸೀಸ 20ರಿಂದ 44ರವರೆಗಿದ್ದ 780 ಮಕ್ಕಳ ಮೇಲೆ ನಡೆದ ಚಿಲೇಶನ್ ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು: ರಕ್ತದ ಸೀಸ ಇಳಿಯಿತು, ಬುದ್ಧಿಯ ಪರೀಕ್ಷೆಯಲ್ಲಿ ಏನೂ ಏರಲಿಲ್ಲ. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂಗೆಂದು ಡೈಸೋಡಿಯಂ ಇಡಿಟಿಎ ಎಂಬ ಚಿಲೇಶನ್ ಔಷಧಿ ಚುಚ್ಚಿಸಿಕೊಂಡ ಐದು ವರ್ಷದ ಹುಡುಗ ರಕ್ತದ ಕ್ಯಾಲ್ಸಿಯಂ ಕುಸಿದು ಸತ್ತ. ‘ಚಿಲೇಶನ್ ಮಾಡಿಸೋಣವಾ?’ ಎಂಬ ಪ್ರಶ್ನೆಯನ್ನು ಪೋಷಕರು ಡಾಕ್ಟರಿಗಿಂತ ಮೊದಲು ನಮ್ಮ ಹತ್ತಿರ ಕೇಳುತ್ತಾರೆ. ಉತ್ತರ ಸಿದ್ಧವಿರಲಿ.

ವರದಿ ಬರುವವರೆಗೆ ಥೆರಪಿ ನಿಲ್ಲಿಸಬೇಡಿ. ಆಡಿಯೋಮೆಟ್ರಿ (ಕಿವಿ ಕೇಳಿಸುವ ಪರೀಕ್ಷೆ) ಬಾಕಿ ಇದ್ದರೆ ಮಾಡಿಸಿ. ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಲು, ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಸಲು, ಕೆಲಸದ ಬಟ್ಟೆ ಬೇರೆ ಒಗೆಯಲು ಹೇಳಿ. ಚೀಪಲೇಬೇಕೆನ್ನುವ ಮಗುವಿಗೆ ಅಗಿಯಲೆಂದೇ ಮಾಡಿದ ಸಿಲಿಕೋನ್ ಚ್ಯೂಯಿ ಕೊಡಿ. ಸುಮ್ಮನೆ ‘ಬಾಯಿಗೆ ಹಾಕಬೇಡ’ ಎಂದರೆ ಅದು ಮತ್ತೆ ಸರಳಿಗೇ ಹೋಗುತ್ತದೆ. ನಿಮ್ಮ ರೂಮಿನ ಆಟಿಕೆ ಡಬ್ಬಿಯನ್ನೂ ಮಗುಚಿ ನೋಡಿ. ಬಣ್ಣ ಎದ್ದ ಹಳೇ ಮರದ ಬ್ಲಾಕುಗಳಿದ್ದರೆ ಇವತ್ತೇ ತೆಗೆದುಬಿಡಿ.