ನಾನೇನ್ ಬೈದಿದೀನಾ ಸ್ವಾಮಿ?

ಒಂದು ಅಫಿಡವಿಟ್ ಮಾಡಿಸಲು ಮೊನ್ನೆ ದಾವಣಗೆರೆ ಕೋರ್ಟಿನ ಕಡೆ ಹೋಗಿದ್ದೆ. ನೋಟರಿ ಇನ್ನೂ ಬಂದಿರಲಿಲ್ಲ. ಹತ್ತಿರದ ಟೀ ಅಂಗಡಿಯಲ್ಲಿ ಕೂತೆ. ಪಕ್ಕದ ಬೆಂಚಿನಲ್ಲಿ ಗರಿಗರಿ ಬಿಳಿ ಅಂಗಿಯ ಯಜಮಾನರೊಬ್ಬರು ನೋಟಿಸ್ ಹಿಡಿದುಕೊಂಡು ಟೀಗಿಂತ ಜಾಸ್ತಿ ಕುದಿಯುತ್ತಿದ್ದರು.

"ನ್ಯಾಯಾಂಗ ನಿಂದನೆ ಅಂತೆ! ನಾನೇನ್ ಬೈದಿದೀನಾ ಸ್ವಾಮಿ? ಜಡ್ಜ್ ಸಾಹೇಬ್ರನ್ನ ಕಂಡ್ರೆ ಕೈ ಮುಗಿದೇ ನಿಲ್ಲೋನು ನಾನು!"

ಮಾತು ಸುಳ್ಳಲ್ಲ. ಹೆಂಡತಿ, ಮಗುವಿನ ಜೀವನಾಂಶದ ಬಾಕಿಯನ್ನು ಮೂರು ಕಂತಿನಲ್ಲಿ ಕಟ್ಟುತ್ತೇನೆ ಎಂದು ಅವರು ಹೈಕೋರ್ಟಿಗೆ ಮುಚ್ಚಳಿಕೆ ಬರೆದುಕೊಟ್ಟಿದ್ದರು. ಕಟ್ಟಲಿಲ್ಲ. ಕೂಗಾಡಲಿಲ್ಲ, ಯಾರ ಮೇಲೂ ಕಲ್ಲು ಎಸೆಯಲಿಲ್ಲ. ಸುಮ್ನೆ ಕಟ್ಟಲಿಲ್ಲ, ಅಷ್ಟೇ. ಬೇಕಂತಲೇ ಕೋರ್ಟಿನ ಆದೇಶ ಮೀರಿದರೂ, ಕೋರ್ಟಿಗೆ ಕೊಟ್ಟ ಮಾತು ತಪ್ಪಿದರೂ ಕಾನೂನಿನ ಲೆಕ್ಕದಲ್ಲಿ ಅದು ನ್ಯಾಯಾಂಗ ನಿಂದನೆಯೇ.

ತಪ್ಪು ಈ ಪದವನ್ನು ಕನ್ನಡಕ್ಕೆ ತಂದವರದ್ದು. ನಿಂದನೆ ಅಂದರೆ ನಮ್ಮಲ್ಲಿ ಬೈಗುಳ, ನೀರಿನ ಟ್ಯಾಂಕರ್ ಬಂದಾಗ ಕೊಡಗಳ ಮಧ್ಯೆ ಕೇಳುವಂಥದ್ದು. ದಾಸರು ದೇವರಿಗೇ ನಿಂದಾಸ್ತುತಿ ಮಾಡಿದರು. ಬಾಯಲ್ಲಿ ಬೈಗುಳ, ಒಳಗೆ ಭಕ್ತಿ. ನಮ್ಮ ಬಿಳಿ ಅಂಗಿಯವರು ಅದನ್ನು ತಿರುಗಿಸಿ ಹಾಕಿದ್ದಾರೆ. ಬಾಯಲ್ಲಿ "ಮಹಾಸ್ವಾಮಿ", ಕೋರ್ಟಿನ ಆದೇಶ ನಾಲ್ಕು ಮಡಿಕೆಯಾಗಿ ಹಿಂದಿನ ಜೇಬಿನಲ್ಲಿ. ಅದರ ಮೇಲೇ ಕೂತು ಟೀ ಕುಡಿಯುತ್ತಾರೆ.

ನಿಜವಾಗಿ ಬೈದರೆ ಏನಾಗುತ್ತದೆ ಗೊತ್ತಲ್ಲ. 2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ಸುಪ್ರೀಂ ಕೋರ್ಟನ್ನು ಟೀಕಿಸಿ ಎರಡು ಟ್ವೀಟ್ ಹಾಕಿದರು. ಜುಲೈ 22ಕ್ಕೆ ನೋಟಿಸ್, ಆಗಸ್ಟ್ 31ಕ್ಕೆ ಒಂದು ರೂಪಾಯಿ ದಂಡ. ಸುಮಾರು 40 ದಿನದಲ್ಲಿ ಎಲ್ಲ ಮುಗಿಯಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ನೋಟಿಸ್ ಮುಟ್ಟಿದ 60 ದಿನದಲ್ಲಿ ಮುಗಿಸಬೇಕು ಎಂದು ಕಾನೂನು ಹೇಳುತ್ತದೆ. ಜತೆಗೆ "ಸಾಧ್ಯವಾದಷ್ಟು ಮಟ್ಟಿಗೆ" ಅಂತ ಒಂದು ಬಾಲವೂ ಇದೆ. ಆ ಬಾಲ ಹಿಡಿದು ಎಷ್ಟು ಜನ ಎಷ್ಟು ವರ್ಷ ಜೋತಾಡಿದ್ದಾರೋ!

ಇಷ್ಟಾಗಿ ನಿಂದನೆ ಸಾಬೀತಾದರೆ ಶಿಕ್ಷೆ ಏನು? 1971ರ ಕಾಯ್ದೆ ಪ್ರಕಾರ ಹೆಚ್ಚೆಂದರೆ ಆರು ತಿಂಗಳು ಸಾದಾ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಐವತ್ತು ವರ್ಷ ದಾಟಿದರೂ ಆ 2,000 ಕದಲಿಲ್ಲ. ನಮ್ಮ ಬೆಣ್ಣೆ ದೋಸೆ ರೇಟಿಗೆ ಈ ಶಿಸ್ತು ಯಾಕೆ ಬರಲಿಲ್ಲ ಅಂತ ನನಗೆ ಹೊಟ್ಟೆಕಿಚ್ಚು.

ಕೊಯಮತ್ತೂರಿನ ಮಹಾಶಯರನ್ನು ಮರೆತಿರಲಿಕ್ಕಿಲ್ಲ. 2024ರ ಡಿಸೆಂಬರ್‌ನಲ್ಲಿ 80,000 ರೂಪಾಯಿ ಜೀವನಾಂಶವನ್ನು ಒಂದು, ಎರಡು ರೂಪಾಯಿ ನಾಣ್ಯಗಳಲ್ಲೇ ಮೂಟೆ ಕಟ್ಟಿಕೊಂಡು ಫ್ಯಾಮಿಲಿ ಕೋರ್ಟಿಗೆ ಹೊತ್ತು ತಂದರಲ್ಲ, ಅವರೇ. ಹೋಗಿ ನೋಟು ತನ್ನಿ ಎಂದರು ನ್ಯಾಯಾಧೀಶರು. ಚಿಲ್ಲರೆ ಬುದ್ಧಿ ಅಂತ ನಮ್ಮ ಹಿರಿಯರು ಮುಂದಾಲೋಚಿಸಿಯೇ ಹೆಸರಿಟ್ಟಿದ್ದಾರೆ. 2011ರ ನಾಣ್ಯ ಕಾಯ್ದೆ ಪ್ರಕಾರ ಇಂಥ ನಾಣ್ಯದಲ್ಲಿ 1,000 ರೂಪಾಯಿವರೆಗೆ ಕೊಟ್ಟರಷ್ಟೇ ತೆಗೆದುಕೊಳ್ಳಲೇಬೇಕು. ಅದಿರಲಿ, ನನ್ನ ಬೆರಗು ಬೇರೆಯೇ. ಅಷ್ಟು ಚಿಲ್ಲರೆ ಅವರಿಗೆ ಎಲ್ಲಿ ಸಿಕ್ಕಿತು? ನಮ್ಮೂರಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ನೋಟು ಕೊಟ್ಟರೆ ವಾಪಸ್ ಬರುವುದು ಚಾಕ್ಲೇಟ್. ಇಲ್ಲಿ ಯಾರಿಗಾದರೂ ಆ ಐಡಿಯಾ ಹೊಳೆದಿದ್ದರೆ ಜೀವನಾಂಶ ಪೂರ್ತಿ ಚಾಕ್ಲೇಟಿನಲ್ಲೇ ಸಂದಾಯವಾಗುತ್ತಿತ್ತು.

ಇನ್ನು ಬಡತನ. ಬಡವರನ್ನು ನೋಡಬೇಕಾದರೆ ಜೀವನಾಂಶದ ಕೇಸಿನ ಅಫಿಡವಿಟ್ ಓದಬೇಕು. ಗಂಡ, ಹೆಂಡತಿ ಇಬ್ಬರೂ ಆಸ್ತಿ, ಸಾಲ, ವರಮಾನ ಎಲ್ಲ ಬಿಚ್ಚಿಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೇಶ್-ನೇಹಾ ಪ್ರಕರಣದಲ್ಲಿ ಹೇಳಿತು. ಅವತ್ತಿನಿಂದ ಚನ್ನಗಿರಿ ಕಡೆಯ ಅಡಿಕೆ ತೋಟಗಳೆಲ್ಲ ಅವ್ವಂದಿರ ಹೆಸರಿಗೆ ಬಂದಿವೆ. ಕಾರು ತಮ್ಮನದು. ಬೆರಳಲ್ಲಿರುವ ಉಂಗುರ ಸ್ನೇಹಿತನದು, ನೋಡೋಕೆ ಕೊಟ್ಟಿದ್ದಾನೆ. ಮದುವೆ ಮಾತುಕತೆಯಲ್ಲಿ "ಹುಡುಗಂಗೆ ಎಂಟು ಎಕರೆ ನೀರಾವರಿ" ಎಂದವರು ಇವರೇ. ಆ ಭದ್ರಾ ನಾಲೆ ಈಗ ಎಲ್ಲಿ ಬತ್ತಿತೋ!

ಹಣ ಕಟ್ಟದಿದ್ದರೆ ಅಮಲ್ಜಾರಿಗೆ, ಅಂದರೆ ಆದೇಶ ಜಾರಿ ಮಾಡಿಸಿ ಎಂದು, ಅರ್ಜಿ ಹಾಕಬೇಕು, ಅದೂ ಬಾಕಿ ಬಿದ್ದ ಒಂದು ವರ್ಷದೊಳಗೆ. ಆಮೇಲೆ ವಾರೆಂಟ್ ಹೊರಡುತ್ತದೆ. "ಆಸಾಮಿ ವಿಳಾಸದಲ್ಲಿ ಸಿಕ್ಕಿಲ್ಲ" ಅಂತ ಷರಾ ಬರೆಸಿಕೊಂಡು ವಾಪಸ್ ಬರುತ್ತದೆ. ಆಸಾಮಿ ದುಗ್ಗಮ್ಮನ ಜಾತ್ರೆಯಲ್ಲಿ ನಿಂತು ಸ್ಟೇಟಸ್ ಹಾಕಿರುತ್ತಾನೆ. ಊರಿಗೆಲ್ಲ ಕಾಣುತ್ತಾನೆ, ವಾರೆಂಟಿಗೆ ಮಾತ್ರ ಕಾಣುವುದಿಲ್ಲ. "ಎಲ್ಲಿದಾನೆ ನೀವೇ ತೋರ್ಸಿ ಬಿಡಮ್ಮ" ಎಂದು ಹೆಂಗಸಿಗೇ ಹೇಳುವುದುಂಟು. ಸಿಕ್ಕಿ ಒಳಗೆ ಹೋದರೂ ಬಾಕಿ ಬಾಕಿಯೇ, ಜೈಲಿಗೆ ಹೋದ ಮಾತ್ರಕ್ಕೆ ಸಾಲ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅದನ್ನು ಓದಿದ ಗಂಡನನ್ನು ನಾನಂತೂ ಇನ್ನೂ ಕಂಡಿಲ್ಲ.

ನಿಂದನೆ ಕೇಸಿನ ದಾರಿ ಇನ್ನೂ ಉದ್ದ. ಫ್ಯಾಮಿಲಿ ಕೋರ್ಟಿನ ಮಾತು ಮೀರಿದರೂ ಶಿಕ್ಷಿಸುವ ಅಧಿಕಾರ ಹೈಕೋರ್ಟಿಗೆ. ಅಂದರೆ ಬೆಂಗಳೂರು, ಸುಮಾರು 260 ಕಿಲೋಮೀಟರ್. ಧಾರವಾಡ ಪೀಠ ಹತ್ತಿರವಿದೆ, ಆದರೆ ದಾವಣಗೆರೆ ಜಿಲ್ಲೆ ಅದಕ್ಕೆ ಸೇರಿಲ್ಲ. ಹರಿಹರದ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಹಾವೇರಿ ಜಿಲ್ಲೆ, ಅದು ಧಾರವಾಡಕ್ಕೆ ಸೇರುತ್ತದೆ. ಹೆಣ್ಣು ಕೊಡುವವರು ಇನ್ನು ಮುಂದೆ ಜಾತಕದ ಜತೆ ಹೈಕೋರ್ಟ್ ಪೀಠದ ಮ್ಯಾಪನ್ನೂ ನೋಡುವುದು ಒಳ್ಳೆಯದು. ಅಷ್ಟು ದೂರ ಹೋದ ಮೇಲೂ "ಮೊದಲು ಅಮಲ್ಜಾರಿಗೆ ಹಾಕಮ್ಮ" ಎಂದು ವಾಪಸ್ ಕಳಿಸಿದ್ದುಂಟು.

ಹೆಂಗಸರನ್ನು ಬಿಟ್ಟೆ ಅನ್ನಬೇಡಿ. ಎರಡನೇ ಮತ್ತು ನಾಲ್ಕನೇ ಭಾನುವಾರ ಮಗುವನ್ನು ಅಪ್ಪನಿಗೆ ತೋರಿಸಿ ಎಂದು ಆದೇಶವಾಗುತ್ತದೆ. ಸರಿಯಾಗಿ ಎರಡನೇ ಮತ್ತು ನಾಲ್ಕನೇ ಶನಿವಾರ ರಾತ್ರಿ ಮಗುವಿಗೆ ಜ್ವರ. ಸೋಮವಾರ ಬೆಳಿಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವ ಹೊತ್ತಿಗೆ ಮಾಯ. ಕೋರ್ಟ್ ಕ್ಯಾಲೆಂಡರ್ ನೋಡಿ ಬರುವ ವೈರಾಣು ಇದೊಂದೇ. ಅಪ್ಪ ಆಟಿಕೆ ಹಿಡಿದು ಗೇಟಿನಲ್ಲಿ ಕಾದು ವಾಪಸ್ ಹೋಗುತ್ತಾನೆ. ಅದೂ ಆದೇಶ ಮೀರಿದ್ದೇ.

ತಮಾಷೆ ನನಗೂ ಸಾಕಾಯಿತು. ಅವತ್ತು ಕೋರ್ಟಿನ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಡಬ್ಬಿ ಬಿಚ್ಚಿ ಮಗನಿಗೆ ಚಿತ್ರಾನ್ನ ತಿನ್ನಿಸುತ್ತಿದ್ದಳು. ಹುಡುಗ ಯೂನಿಫಾರ್ಮಿನಲ್ಲಿದ್ದ. ಶಾಲೆಗೆ ಯಾಕೆ ಹೋಗಿಲ್ಲ ಅಂದೆ. "ಫೀಜು ಕಟ್ಟಿಲ್ರಿ, ಕಟ್ಟಿ ಬಾ ಅಂತ ಕಳಿಸಿದಾರೆ" ಎಂದಳು. ವಾಯಿದೆ ಮುಂದಕ್ಕೆ ಹೋಗಿತ್ತು, ಎಷ್ಟನೆಯ ಸಲವೋ ಅವಳಿಗೂ ಲೆಕ್ಕ ತಪ್ಪಿದೆ. ಕೋರ್ಟಿನ ಮರ್ಯಾದೆಗೆ ಒಂದು ಕಾಯ್ದೆ ಇದೆ. ದಿನಸಿ ಅಂಗಡಿ ಮುಂದೆ ತಲೆ ತಗ್ಗಿಸಿ "ಮುಂದಿನ ತಿಂಗಳು ಕೊಡ್ತೀನಣ್ಣ" ಅನ್ನುವ ಇವಳ ಮರ್ಯಾದೆಗೆ ಯಾವ ಸೆಕ್ಷನ್? ಐದು ನಿಮಿಷದಲ್ಲಿ ವಾಯಿದೆ ಕೊಡುವವರು, ಕೇಳುವವರು, ತೆಗೆದುಕೊಳ್ಳುವವರು, ಎಲ್ಲರಿಗೂ ಮಧ್ಯಾಹ್ನದ ಊಟ ಮನೆಯಲ್ಲಿ ರೆಡಿ ಇರುತ್ತದೆ. ಹುಡುಗನ ಫೀಜು ಯಾರ ಮನೆಯಲ್ಲೂ ರೆಡಿ ಇರುವುದಿಲ್ಲ.

ನೋಟರಿ ಬಂದರು, ಸೀಲು ಬಿತ್ತು. ಟೀ ದುಡ್ಡು ಕೊಡಲು ಅಂಗಡಿಗೆ ವಾಪಸ್ ಬಂದೆ. ಬಿಳಿ ಅಂಗಿಯವರು ಎದ್ದು ಹೊರಟಿದ್ದರು. ಟೀ ಅಂಗಡಿಯವನು ಲೋಟ ತೊಳೆಯುತ್ತ, ತಲೆ ಎತ್ತದೆ, "ಯಜಮಾನ್ರೇ, ಹಳೇ ಬಾಕಿ ನೂರಾ ನಲವತ್ತಿದೆ" ಎಂದ.

ಅವರು ಮರು ಮಾತಾಡಲಿಲ್ಲ. ಫೋನ್ ತೆಗೆದರು, ಸ್ಕ್ಯಾನ್ ಮಾಡಿದರು. ಹಣ ಬಂತು ಎಂದು ಡಬ್ಬಿ ಬೀದಿಗೆಲ್ಲ ಕೇಳುವಂತೆ ಕೂಗಿತು.