ತೂರಿಬಿಟ್ಟ ಜೊಳ್ಳಿನೊಳಗೆ ಏನಿತ್ತು?

2023ರ ಫೆಬ್ರುವರಿ 13ರಂದು ಸಿಸಿಲಿ ದ್ವೀಪದ ಆಚೆ, ಸುಮಾರು 3,450 ಮೀಟರ್ ಆಳದ ಕಡಲತಳದಲ್ಲಿ ನಿಂತಿರುವ ಕೆಎಂ3ನೆಟ್ ಎಂಬ ನ್ಯೂಟ್ರಿನೊ ದೂರದರ್ಶಕದ ಮೂಲಕ ಎಲೆಕ್ಟ್ರಾನಿನ ಭಾರದ ಬಂಧುವಾದ ಒಂದು ಮ್ಯೂಆನ್ ಕಣ ಹೆಚ್ಚುಕಮ್ಮಿ ಅಡ್ಡಡ್ಡವಾಗಿ ಹಾದುಹೋಯಿತು. ಅದನ್ನು ಹುಟ್ಟಿಸಿದ್ದು ನ್ಯೂಟ್ರಿನೊ, ವಿದ್ಯುದಾವೇಶವಿಲ್ಲದ, ಯಾವುದಕ್ಕೂ ಹೆಚ್ಚುಕಮ್ಮಿ ತಾಗದೆ ಹಾದುಹೋಗುವ ಕಣ. ಅದರ ಶಕ್ತಿ ಸುಮಾರು 220 ಪೆಟಾ ಎಲೆಕ್ಟ್ರಾನ್‌ವೋಲ್ಟ್ ಎಂದು ಎರಡು ವರ್ಷ ಲೆಕ್ಕ ಹಾಕಿ, ತಾಳೆ ನೋಡಿ, 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಜಿನೀವಾದ ದೊಡ್ಡ ಕಣವೇಗವರ್ಧಕದಲ್ಲಿ ಓಡುವ ಪ್ರೋಟಾನ್‌ಗೆ ಇರುವುದು 6.8 ಟೆರಾ ಎಲೆಕ್ಟ್ರಾನ್‌ವೋಲ್ಟ್. ಒಂದು ಪೆಟಾ ಎಂದರೆ ಸಾವಿರ ಟೆರಾ, ಹಾಗಾಗಿ ಈ ನ್ಯೂಟ್ರಿನೊದ ಶಕ್ತಿ ಅದರ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಅದುವರೆಗೆ ಸಿಕ್ಕಿದ್ದ ಯಾವ ನ್ಯೂಟ್ರಿನೊಗೂ ಇಷ್ಟು ಶಕ್ತಿ ಇರಲಿಲ್ಲ. ಎಲ್ಲರೂ ಹಂಚಿಕೊಂಡರು, ಹಂಚಿಕೊಳ್ಳಬೇಕಾದ ಸುದ್ದಿಯೇ.

ನಾನು ಬರೆಯಹೊರಟಿರುವುದು ಅದೇ ಸೆನ್ಸರ್‌ಗಳು ಆ ದಿನ, ಅದರ ಹಿಂದಿನ ದಿನ, ಇವತ್ತು ಕೂಡ ಪ್ರತಿ ಸೆಕೆಂಡು ಕಾಣುತ್ತಿರುವ ಉಳಿದ ಬೆಳಕಿನ ಬಗ್ಗೆ. 'ಹಿನ್ನೆಲೆ' ಎಂದು ಹೆಸರಿಟ್ಟು ಜೊಳ್ಳಿನಂತೆ ತೂರಿಬಿಡುವ ಬೆಳಕು ಅದು. ಒಂದು ವಿಭಾಗದ ಜೊಳ್ಳು ಪಕ್ಕದ ವಿಭಾಗಕ್ಕೆ ಕಾಳು ಎಂಬುದನ್ನು ಕಣ ಭೌತವಿಜ್ಞಾನ, ಕಡಲ ಸಂರಕ್ಷಣೆ, ಕೋಶವಿಜ್ಞಾನ ಮೂರೂ ಮತ್ತೆ ಮತ್ತೆ ತೋರಿಸಿಕೊಟ್ಟಿವೆ. ಆದರೂ ಹೊಸ ಉಪಕರಣಕ್ಕೆ ದುಡ್ಡು ಕೇಳುವ ಅರ್ಜಿಯಲ್ಲಿ ಜೊಳ್ಳನ್ನು ಉಳಿಸಲು ಒಂದು ಸಾಲು ಇರುವುದೂ ಅಪರೂಪ. ಇರಬೇಕು ಎನ್ನುವುದು ನನ್ನ ವಾದ. ಎಲ್ಲವನ್ನೂ ಉಳಿಸಿ ಎಂದು ಹೇಳುತ್ತಿಲ್ಲ, ಅದು ಆಗುವ ಮಾತೂ ಅಲ್ಲ. ಎಷ್ಟು ಉಳಿಸಬೇಕು, ಯಾವುದರ ಜೊತೆ ಉಳಿಸಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು.

ಮೊದಲು ಆ ದೂರದರ್ಶಕದ ಒಳಗೆ ಏನಿದೆ ನೋಡೋಣ. ಸುಮಾರು 44 ಸೆಂಟಿಮೀಟರ್ ವ್ಯಾಸದ ದಪ್ಪ ಗಾಜಿನ ಗೋಳ. ಒಳಗೆ ಎಲ್ಲ ದಿಕ್ಕಿಗೂ ಕಣ್ಣು ಬಿಟ್ಟ, ಅತಿ ಮಂದ ಬೆಳಕನ್ನೂ ವಿದ್ಯುತ್ ಸಂಕೇತವಾಗಿಸುವ 31 ಫೋಟೋಮಲ್ಟಿಪ್ಲೈಯರ್‌ಗಳು, ಒಂದೊಂದೂ ಮೂರು ಇಂಚಿನದು. ಇಂಥ 18 ಗೋಳಗಳನ್ನು ಪೋಣಿಸಿದ ಒಂದು ದಾರ. ಅದರ ಬುಡ ತಳಕ್ಕೆ ಕಚ್ಚಿಕೊಂಡಿದೆ, ತುದಿಯನ್ನು ತೇಲುಬುರುಡೆ ಎಳೆದು ಹಿಡಿದಿದೆ. 115 ದಾರ ಸೇರಿದರೆ ಒಂದು ಘಟಕ. ಆ ದೊಡ್ಡ ನ್ಯೂಟ್ರಿನೊ ಸಿಕ್ಕಾಗ ಸಿಸಿಲಿಯ ತಾಣದಲ್ಲಿ ಕೆಲಸ ಮಾಡುತ್ತಿದ್ದದ್ದು 21 ದಾರ ಮಾತ್ರ. ನೀರಿನಲ್ಲಿ ಬೆಳಕು ಓಡುವುದಕ್ಕಿಂತ ವೇಗವಾಗಿ ವಿದ್ಯುದಾವೇಶದ ಕಣವೊಂದು ಓಡಿದರೆ ಹೊಮ್ಮುವ ನೀಲಿ ಚೆರೆಂಕೋವ್ ಬೆಳಕನ್ನು ಹಿಡಿಯುವುದು ಈ ಕಣ್ಣುಗಳ ಕೆಲಸ.

ಆದರೆ ಆಳ ಸಮುದ್ರ ಕತ್ತಲೆಯಲ್ಲ. ಉಪ್ಪುನೀರಿನಲ್ಲಿ ಪೊಟ್ಯಾಸಿಯಮ್ ಇದೆ, ಅದರಲ್ಲಿ ಒಂದು ಚಿಕ್ಕ ಪಾಲು ವಿಕಿರಣಶೀಲ ಪೊಟ್ಯಾಸಿಯಮ್-40. ಒಂದು ಲೀಟರ್ ನೀರಿನಲ್ಲಿ ಸೆಕೆಂಡಿಗೆ ಹನ್ನೆರಡು-ಹದಿನಾಲ್ಕು ವಿಘಟನೆ ಆಗುತ್ತವೆ. ಹೊರಬರುವ ಎಲೆಕ್ಟ್ರಾನ್‌ಗಳಲ್ಲಿ ಬಹಳಷ್ಟಕ್ಕೆ ಚೆರೆಂಕೋವ್ ಬೆಳಕು ಹೊಮ್ಮಿಸುವಷ್ಟು ಕಸುವಿದೆ. ಇದರ ಜೊತೆಗೆ ಮಿನುಗುವ ಬ್ಯಾಕ್ಟೀರಿಯಾ, ಮುಟ್ಟಿದರೆ ಫಕ್ಕನೆ ಹೊಳೆಯುವ ಪುಟ್ಟ ಜೀವಿಗಳು. ಒಂದೊಂದು ಫೋಟೋಮಲ್ಟಿಪ್ಲೈಯರ್ ಸುಮ್ಮನಿದ್ದಾಗಲೂ ಸೆಕೆಂಡಿಗೆ ಸುಮಾರು ಏಳು ಸಾವಿರ ಮಿಣುಕು ಎಣಿಸುತ್ತದೆ. ಪೂರ್ತಿ ಘಟಕದಲ್ಲಿ 64,170 ಕಣ್ಣುಗಳು. ಗುಣಿಸಿದರೆ ಸೆಕೆಂಡಿಗೆ 45 ಕೋಟಿ ಮಿಣುಕು. ಒಂದಕ್ಕೆ ಆರು ಬೈಟ್ ಎಂದರೆ ಸೆಕೆಂಡಿಗೆ 2.7 ಗಿಗಾಬೈಟ್, ದಿನಕ್ಕೆ 230 ಟೆರಾಬೈಟ್ ದಾಟುತ್ತದೆ. ಎಲ್ಲವೂ ದಡಕ್ಕೆ ಬರುತ್ತದೆ. ಅಲ್ಲಿನ ಕಂಪ್ಯೂಟರ್‌ಗಳು ಒಂದೇ ಗೋಳದ ಎರಡು-ಮೂರು ಕಣ್ಣು ಕೆಲವೇ ನ್ಯಾನೋಸೆಕೆಂಡ್ ಅಂತರದಲ್ಲಿ ಮಿಣುಕಿದವೇ, ಅಕ್ಕಪಕ್ಕದ ಗೋಳಗಳೂ ಅದಕ್ಕೆ ಹೊಂದುವಂತೆ ಮಿಣುಕಿದವೇ ಎಂದು ನೋಡಿ, ಹೊಂದದ್ದನ್ನು ಬಿಟ್ಟುಬಿಡುತ್ತವೆ.

ಆ ಜೊಳ್ಳಿನ ಮೊದಲ ಉಪಯೋಗವನ್ನು ಭೌತವಿಜ್ಞಾನಿಗಳೇ ಕಂಡುಕೊಂಡರು. ಪೊಟ್ಯಾಸಿಯಮ್ ವಿಘಟನೆಯ ದರ ಹವೆಗೂ ಬದಲಾಗದು, ಋತುವಿಗೂ ಬದಲಾಗದು. ಒಂದೇ ವಿಘಟನೆಯ ಬೆಳಕು ಪಕ್ಕಪಕ್ಕದ ಎರಡು ಕಣ್ಣಿಗೆ ಬಿದ್ದಾಗ, ಇವೆರಡರ ಸಮಯದ ವ್ಯತ್ಯಾಸ ಎಷ್ಟು, ಇವುಗಳಲ್ಲಿ ಯಾವುದು ಮಂದವಾಗಿದೆ ಎಂಬುದು ಪುಕ್ಕಟೆಯಾಗಿ ಗೊತ್ತಾಗುತ್ತದೆ. ಸಮುದ್ರವೇ ಮಾಪನದ ದೀಪ. ಇದು ಇಲ್ಲದಿದ್ದರೆ ಮೂರೂವರೆ ಕಿಲೋಮೀಟರ್ ಆಳದ ಸೆನ್ಸರ್‌ಗಳನ್ನು ವರ್ಷಗಟ್ಟಲೆ ಸರಿಹೊಂದಿಸಿ ಇಟ್ಟುಕೊಳ್ಳುವುದು ಬಹಳ ಕಷ್ಟ.

ಎರಡನೆಯ ಉಪಯೋಗ ಕಡಲವಿಜ್ಞಾನಿಗಳದು. ಫ್ರಾನ್ಸಿನ ತುಲೋನ್ ಬಳಿ ಸುಮಾರು 2,475 ಮೀಟರ್ ಆಳದಲ್ಲಿದ್ದ ಆಂಟಾರೆಸ್ ಎಂಬ ಹಿಂದಿನ ದೂರದರ್ಶಕ 2009 ಮತ್ತು 2010ರ ವಸಂತದಲ್ಲಿ ವಾರಗಟ್ಟಲೆ ಬೆಳಕಿನ ಪ್ರವಾಹವನ್ನೇ ಕಂಡಿತು. ನ್ಯೂಟ್ರಿನೊ ಹುಡುಕುವವರಿಗೆ ಅದು ಕಳೆದುಹೋದ ಕಾಲ. 2013ರಲ್ಲಿ ಪ್ರಕಟವಾದ ವಿಶ್ಲೇಷಣೆ ಕಾರಣವನ್ನು ಬಿಡಿಸಿ ಹೇಳಿತು: ಚಳಿಗಾಲದ ಗಾಳಿಗೆ ಮೇಲಿನ ನೀರು ತಣ್ಣಗಾಗಿ, ತೂಕ ಹೆಚ್ಚಿ, ತಳದವರೆಗೆ ಮುಳುಗುತ್ತದೆ; ಹೋಗುವಾಗ ಸಾವಯವ ಆಹಾರವನ್ನೂ ಆಮ್ಲಜನಕವನ್ನೂ ಒಯ್ಯುತ್ತದೆ; ಆಳದ ಜೀವಿಗಳು ಮಿನುಗಿ ಏಳುತ್ತವೆ. ಆ ತಾಣದ ನೀರಿನಿಂದಲೇ ಹೊಳೆಯುವ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಬೇರ್ಪಡಿಸಿ ಬೆಳೆಸಿದರು ಕೂಡ. ಸಮುದ್ರ ಬಿಸಿಯಾದಂತೆ ಈ ಮುಳುಗುವಿಕೆ ಕಡಿಮೆಯಾದರೆ ಆಳಕ್ಕೆ ಹೋಗುವ ಊಟವೂ ಕಡಿಮೆ. ಹಾಗಾಗಿ ಆ 'ಕೆಟ್ಟ' ವಾರಗಳ ದಾಖಲೆ ಸಂರಕ್ಷಣೆಯ ದೃಷ್ಟಿಯಲ್ಲಿ ಅಮೂಲ್ಯ.

ಇಲ್ಲಿ ಒಂದು ತೊಡಕಿದೆ. ಬೆಳಕು ಒಂದು ಮಿತಿ ದಾಟಿದರೆ ಆ ಸೆನ್ಸರನ್ನು 100 ಮಿಲಿಸೆಕೆಂಡ್‌ನ ಆ ತುಣುಕಿನ ಮಟ್ಟಿಗೆ ಬಾಯಿ ಮುಚ್ಚಿಸುವ ವ್ಯವಸ್ಥೆ ಉಪಕರಣದೊಳಗೇ ಇರುತ್ತದೆ. ಇಲ್ಲದಿದ್ದರೆ ಕೇಬಲ್ ತುಂಬಿ ತುಳುಕುತ್ತದೆ. ಅಂದರೆ ಜೀವಶಾಸ್ತ್ರಜ್ಞರಿಗೆ ಅತಿ ಮುಖ್ಯವಾದ ಶಿಖರವೇ ಕತ್ತರಿಸಿಹೋಗುತ್ತದೆ. ಇದು ಗೊತ್ತಿಲ್ಲದೆ ಸರಾಸರಿ ತೆಗೆದವರಿಗೆ ಹೆಚ್ಚು ಹೊಳೆದ ದಿನ ಕಡಿಮೆ ಹೊಳೆದಂತೆ ಕಾಣುತ್ತದೆ. ಎಷ್ಟು ತುಣುಕು ಬಾಯಿ ಮುಚ್ಚಿದ್ದವು ಎಂಬ ಎಣಿಕೆಯನ್ನೂ ಜೊತೆಗೆ ಇಟ್ಟರೆ ಮಾತ್ರ ಆ ಡೇಟಾಗೆ ಅರ್ಥ.

ಹಾಗಾದರೆ ಎಷ್ಟು ಉಳಿಸಬೇಕು? ಪ್ರತಿ ಕಣ್ಣಿನ ದರವನ್ನು 100 ಮಿಲಿಸೆಕೆಂಡಿಗೊಮ್ಮೆ ಒಂದೇ ಬೈಟ್‌ನಲ್ಲಿ ಬರೆದಿಡಿ: ಸೆಕೆಂಡಿಗೆ 0.64 ಮೆಗಾಬೈಟ್, ದಿನಕ್ಕೆ ಸುಮಾರು 55 ಗಿಗಾಬೈಟ್. ಮಿಣುಕಿನ ಸೂಕ್ಷ್ಮ ಆಕಾರ ಇದರಲ್ಲಿ ಉಳಿಯುವುದಿಲ್ಲ, ಅದಕ್ಕೆ ಗಂಟೆಗೊಂದು ಸೆಕೆಂಡಿನ ಕಚ್ಚಾ ಡೇಟಾವನ್ನು ಯಾವ ಸೋಸುವಿಕೆಯೂ ಇಲ್ಲದೆ ಇಡಿ: ದಿನಕ್ಕೆ ಇನ್ನು 65 ಗಿಗಾಬೈಟ್. ಒಟ್ಟು 120 ಗಿಗಾಬೈಟ್, ಅಂದರೆ ತೂರಿಬಿಡುವುದರ ಎರಡು ಸಾವಿರದಲ್ಲಿ ಒಂದು ಪಾಲು. ಇಂಥ ಸಾರಾಂಶಗಳನ್ನು ಭೌತವಿಜ್ಞಾನಿಗಳು ತಮ್ಮ ಕೆಲಸಕ್ಕಾಗಿ ಈಗಾಗಲೇ ಮಾಡುತ್ತಾರೆ. ನಾನು ಕೇಳುತ್ತಿರುವುದು ಅವನ್ನು ಹೊರಗಿನವರು ತೆರೆದು ಓದಬಹುದಾದ ರೂಪದಲ್ಲಿ, ಯಾವ ದಿನ ಯಾವ ಕಣ್ಣಿನ ವೋಲ್ಟೇಜ್ ಬದಲಾಯಿಸಿದರು, ಯಾವ ಗೋಳ ಸತ್ತಿತು, ಗಾಜಿನ ಮೇಲೆ ಬ್ಯಾಕ್ಟೀರಿಯಾದ ಪೊರೆ-ಹೂಳು ಎಷ್ಟು ಕೂತಿತು ಎಂಬ ದಿನಚರಿಯೊಡನೆ ಇಡಿ ಎಂದು. ದಿನಚರಿ ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಬೆಳಕು ಕುಗ್ಗಿದ್ದು ಸಮುದ್ರದಿಂದಲೋ, ಮುಪ್ಪಾದ ಸೆನ್ಸರಿನಿಂದಲೋ ಹೇಳಲು ಬರುವುದಿಲ್ಲ.

ಇನ್ನು ಶಬ್ದ. ಈ ದಾರಗಳು ಪ್ರವಾಹಕ್ಕೆ ಓಲಾಡುತ್ತವೆ, ಹಾಗಾಗಿ ಪ್ರತಿ ಗೋಳ ಈ ಕ್ಷಣ ಎಲ್ಲಿದೆ ಎಂದು ತಿಳಿಯಲೇಬೇಕು. ನೀರಿನಲ್ಲಿ ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 22 ಸೆಂಟಿಮೀಟರ್ ಸಾಗುತ್ತದೆ. ಗೋಳದ ಜಾಗ ಅಷ್ಟು ತಪ್ಪಿದರೆ ಸಮಯವೂ ಅಷ್ಟು ತಪ್ಪಿದಂತೆ. ಅದಕ್ಕಾಗಿ ತಳದಲ್ಲಿ ಶಬ್ದ ಹೊಮ್ಮಿಸುವ ಪೆಟ್ಟಿಗೆಗಳು, ಗೋಳದ ಗಾಜಿಗೆ ಒಳಗಿನಿಂದ ಅಂಟಿಸಿದ, ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಸೆನ್ಸರ್‌ಗಳು, ದಾರದ ಬುಡದಲ್ಲಿ ಹೈಡ್ರೋಫೋನ್ ಎಂಬ ನೀರೊಳಗಿನ ಮೈಕು. ಇವುಗಳಿಗೆ ತಿಮಿಂಗಿಲದ ದನಿಯೂ ಕೇಳಿಸುತ್ತದೆ. 2005-06ರಲ್ಲಿ ಸಿಸಿಲಿಯ ಕಟಾನಿಯಾ ಬಳಿ, ನ್ಯೂಟ್ರಿನೊ ದೂರದರ್ಶಕದ ಪೂರ್ವತಯಾರಿಗಾಗಿ ಸುಮಾರು 2,000 ಮೀಟರ್ ಆಳದಲ್ಲಿ ನಾಲ್ಕು ಹೈಡ್ರೋಫೋನ್ ಇಟ್ಟಿದ್ದರು. ಆಳದ ಶಬ್ದಮಟ್ಟ ಅಳೆಯುವುದು ಉದ್ದೇಶ. ಆ ಜಾಗದಲ್ಲಿ ಸ್ಪರ್ಮ್ ತಿಮಿಂಗಿಲಗಳು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಸಲ ಬಂದುಹೋಗುತ್ತವೆ ಎಂಬುದು ಆ ಧ್ವನಿಮುದ್ರಣದಿಂದ ಬೆಳಕಿಗೆ ಬಂತು.

ಬಂದ ಪ್ರಾಣಿಯ ಉದ್ದವನ್ನೂ ಆ ದನಿಯೇ ಹೇಳುತ್ತದೆ, ನನಗೆ ತುಂಬ ಇಷ್ಟವಾದ ಭಾಗ ಇದು. ಸ್ಪರ್ಮ್ ತಿಮಿಂಗಿಲದ ಒಂದು 'ಟಕ್' ತಲೆಯೊಳಗಿನ ಎಣ್ಣೆಯ ಚೀಲದಲ್ಲಿ ಹಿಂದೆ ಮುಂದೆ ಪುಟಿದು ಹಲವು ಮರಿ-ಟಕ್‌ಗಳಾಗಿ ಹೊರಬರುತ್ತದೆ. ಎರಡು ಮರಿ-ಟಕ್‌ಗಳ ನಡುವಿನ ಅಂತರ 4 ಮಿಲಿಸೆಕೆಂಡ್ ಇದ್ದರೆ ಪ್ರಾಣಿ ಸುಮಾರು ಹತ್ತೂವರೆ ಮೀಟರ್, 7 ಇದ್ದರೆ ಸುಮಾರು ಹದಿನೈದು. ಹದಿನೈದು ಮೀಟರ್ ಎಂದರೆ ಬೆಳೆದ ಗಂಡೇ. ಹೆಣ್ಣು ಅಷ್ಟು ಉದ್ದ ಬೆಳೆಯುವುದಿಲ್ಲ. ಹತ್ತರ ಆಸುಪಾಸು ಹೆಣ್ಣೋ ಎಳೆಯ ಗಂಡೋ ಇರಬಹುದು. ಪ್ರಾಣಿ ಪಕ್ಕಕ್ಕೆ ತಿರುಗಿದ್ದರೆ ಈ ಅಂತರ ಕಲಸಿಹೋಗುತ್ತದೆ, ಹಾಗಾಗಿ ಒಂದೆರಡು ಟಕ್ ನಂಬಬಾರದು. ಒಂದೇ ಮುಳುಗಿನ ನೂರಾರು ಟಕ್‌ಗಳಲ್ಲಿ ಕದಲದೆ ನಿಲ್ಲುವ ಅಂತರವನ್ನೇ ತೆಗೆದುಕೊಳ್ಳಬೇಕು. ಮೆಡಿಟರೇನಿಯನ್‌ನ ಸ್ಪರ್ಮ್ ತಿಮಿಂಗಿಲಗಳು ಅಳಿವಿನಂಚಿನ ಪಟ್ಟಿಯಲ್ಲಿವೆ, ಹಡಗು ಬಡಿದು ಸಾಯುವುದು ಅವಕ್ಕಿರುವ ದೊಡ್ಡ ಅಪಾಯಗಳಲ್ಲೊಂದು. ತಾಯಿ-ಮರಿಗಳ ಗುಂಪು ಯಾವ ತಿಂಗಳು ಎಲ್ಲಿರುತ್ತದೆ ಎಂದು ಗೊತ್ತಾದರೆ ಹಡಗಿನ ದಾರಿ ಸರಿಸುವ ಮಾತು ಆಡಬಹುದು.

ಇಲ್ಲೂ ಬೇಕಾದದ್ದನ್ನು ಆರಂಭದಲ್ಲೇ ಹೇಳದಿದ್ದರೆ ಕೆಲಸ ಕೆಡುತ್ತದೆ. ಜಾಗ ಗುರುತಿಸಲು ಬಳಸುವ ಶಬ್ದ ಹತ್ತಾರು ಕಿಲೋಹರ್ಟ್ಜ್‌ನದು, ಸೆನ್ಸರ್ ಆರಿಸುವುದೂ ಅದಕ್ಕೆ ತಕ್ಕಂತೆ. ಫಿನ್ ತಿಮಿಂಗಿಲ ಕೂಗುವುದು 20 ಹರ್ಟ್ಜ್‌ನಲ್ಲಿ. ಹಡಗಿನ ಗದ್ದಲಕ್ಕೆ ಯುರೋಪಿನ ಕಡಲ ನಿಯಮ ನೋಡುವುದು 63 ಮತ್ತು 125 ಹರ್ಟ್ಜ್ ಪಟ್ಟಿಗಳನ್ನು. ಕೆಳಗಿನ ಕಂಪನಾಂಕಗಳನ್ನು ಸರ್ಕ್ಯೂಟಿನಲ್ಲೇ ಕತ್ತರಿಸಿ ಹಾಕಿದರೆ ಮೂರು ಕಿಲೋಮೀಟರ್ ಆಳಕ್ಕೆ ಇಳಿಸಿದ ಮೇಲೆ ಯಾರೂ ಸರಿಮಾಡಲಾರರು. ಇಳಿಸುವ ಮುಂಚೆ ಟ್ಯಾಂಕಿನಲ್ಲಿ ಸಂವೇದನೆಯನ್ನು ಅಳೆದು ಬರೆದಿಡಬೇಕು. ಅದಿಲ್ಲದಿದ್ದರೆ 'ತಿಮಿಂಗಿಲ ಕೂಗಿತು' ಎನ್ನಬಹುದು, 'ಗದ್ದಲ ಇಷ್ಟು ಡೆಸಿಬೆಲ್ ಏರಿತು' ಎನ್ನಲಾಗದು. ಒಂದು ಹೈಡ್ರೋಫೋನಿನ ಶಬ್ದವನ್ನು 96 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಮುದ್ರಿಸಿದರೆ ದಿನಕ್ಕೆ 25 ಗಿಗಾಬೈಟ್. ಜಾಗ ಉಳಿಸಲು ಎಂಪಿ3 ಮಾಡಬೇಡಿ: ಮನುಷ್ಯನ ಕಿವಿಗೆ ಬೇಡದ್ದನ್ನು ಅದು ಕತ್ತರಿಸುತ್ತದೆ, ಮರಿ-ಟಕ್‌ಗಳ ಅಂತರ ಹಾಳಾಗುತ್ತದೆ. ಏನನ್ನೂ ಕಳೆಯದ ಫ್ಲ್ಯಾಕ್‌ನಂಥ ಸಂಕೋಚನ ಸಾಕು.

ಕೋಶವಿಜ್ಞಾನಕ್ಕೆ ಬಂದರೆ, ಅಲ್ಲಿನ ಅತಿ ಪ್ರಸಿದ್ಧ ಉಪಕರಣವೇ ಒಂದು ಕಲ್ಮಶ. ಜೆಲ್ಲಿಫಿಶ್‌ನ ನೀಲಿ ಬೆಳಕಿನ ಪ್ರೋಟೀನ್ ಈಕ್ವೋರಿನ್ ಅನ್ನು ಒಸಾಮು ಶಿಮೊಮುರಾ ಬೇರ್ಪಡಿಸುತ್ತಿದ್ದಾಗ ಜೊತೆಗೆ ಹಸಿರಾಗಿ ಮಿನುಗುವ ಇನ್ನೊಂದು ಪ್ರೋಟೀನ್ ಬಂತು. 1962ರ ಪ್ರಬಂಧದಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಅಡಿಟಿಪ್ಪಣಿಯ ಜಾಗ. ಅದೇ ಜಿಎಫ್‌ಪಿ, ಅಂದರೆ ಕೋಶದ ಬೇಕಾದ ಭಾಗಕ್ಕೆ ಗುರುತಿನ ದೀಪವಾಗಿ ಇಂದು ಜೋಡಿಸುವ ಹಸಿರು ಹೊಳಪಿನ ಪ್ರೋಟೀನ್. 1992ರಲ್ಲಿ ಅದರ ಜೀನ್ ಸಿಕ್ಕಿತು, 1994ರಲ್ಲಿ ಅದು ಬೇರೆ ಜೀವಿಗಳೊಳಗೂ ಬೆಳಗಿತು, 2008ರಲ್ಲಿ ನೊಬೆಲ್ ಬಂತು. ಶಿಮೊಮುರಾ ಅದನ್ನು ಚೆಲ್ಲದೆ, ಬರೆದಿಟ್ಟು, ಮುಂದೆ ಶುದ್ಧೀಕರಿಸಿದರು ಎಂಬುದೇ ಇಲ್ಲಿ ನೆನಪಿಡಬೇಕಾದ ಸಂಗತಿ.

ಇವತ್ತು ಅದೇ ಹಾದಿಯಲ್ಲಿರುವುದು ಕೋಶದ ಸ್ವಂತ ಹೊಳಪು. ಬಣ್ಣ ಹಾಕದ ಕೋಶವೂ ಮಂದವಾಗಿ ಮಿನುಗುತ್ತದೆ, ಮುಖ್ಯವಾಗಿ ಆಹಾರದಿಂದ ಶಕ್ತಿ ಪಡೆಯಲು ಕೋಶ ಬಳಸುವ ಎನ್‌ಎಡಿಎಚ್ ಮತ್ತು ಫ್ಲೇವಿನ್ ಎಂಬ ಅಣುಗಳಿಂದ. ಜಿಎಫ್‌ಪಿ ನೋಡುವವರಿಗೆ ಇದು ಕಳೆಯಬೇಕಾದ ಕೊಳೆ. ಆದರೆ ಬಿಡಿಯಾಗಿರುವ ಎನ್‌ಎಡಿಎಚ್‌ನ ಹೊಳಪು ಸುಮಾರು 0.4 ನ್ಯಾನೋಸೆಕೆಂಡಿನಲ್ಲಿ ಆರುತ್ತದೆ, ಪ್ರೋಟೀನಿಗೆ ಅಂಟಿಕೊಂಡದ್ದು ಎರಡು ನ್ಯಾನೋಸೆಕೆಂಡಿಗೂ ಹೆಚ್ಚು ಉಳಿಯುತ್ತದೆ. ಈ ಎರಡರ ಪಾಲು ಅಳೆದರೆ ಕೋಶ ಸಕ್ಕರೆಯನ್ನು ಅರ್ಧಕ್ಕೆ ಒಡೆದು ಬದುಕುತ್ತಿದೆಯೋ, ಮೈಟೋಕಾಂಡ್ರಿಯಾದಲ್ಲಿ ಪೂರ್ತಿ ಉರಿಸುತ್ತಿದೆಯೋ ಎಂಬ ಸುಳಿವು ಸಿಗುತ್ತದೆ, ಕೋಶಕ್ಕೆ ಯಾವ ಬಣ್ಣವನ್ನೂ ಹಾಕದೆ.

ತಪ್ಪುಗಳು ಆಗುವುದು ಸಣ್ಣ ಜಾಗಗಳಲ್ಲಿ. ಪೋಷಕ ದ್ರವದಲ್ಲಿರುವ ಫೀನಾಲ್ ರೆಡ್ ಮತ್ತು ರೈಬೋಫ್ಲೇವಿನ್ ತಾವೇ ಮಿನುಗುತ್ತವೆ, ಅವಿಲ್ಲದ ದ್ರವ ಬೇಕು. ಫಾರ್ಮಾಲ್ಡಿಹೈಡ್ ಹಾಕಿದ ಕೋಶದಲ್ಲಿ ಈ ಅಳತೆಗೆ ಅರ್ಥವಿಲ್ಲ: ಅದು ಹೊಸ ಹೊಳಪು ಹುಟ್ಟಿಸುತ್ತದೆ, ಚಯಾಪಚಯವನ್ನು ನಿಲ್ಲಿಸುತ್ತದೆ. ಗಾಜಿನ ಕೆಳಗೆ ಮುಚ್ಚಿಟ್ಟ ಕೋಶಗಳು ಆಮ್ಲಜನಕ ಮುಗಿಸಿಕೊಂಡು ಎನ್‌ಎಡಿಎಚ್ ಏರಿಸುತ್ತವೆ. ಅದನ್ನು ಔಷಧಿಯ ಪರಿಣಾಮವೆಂದು ಬರೆದುಬಿಡುವುದು ಸುಲಭ. ಈ ಹೊಳಪನ್ನು ಎಬ್ಬಿಸುವ ಲೇಸರ್ ಸೆಕೆಂಡಿಗೆ 8 ಕೋಟಿ ಸಲ ಮಿಡಿಯುತ್ತಿದ್ದರೆ ಎಣಿಸುವ ಫೋಟಾನ್‌ಗಳು ಅದರ ಶೇಕಡಾ ಒಂದರ ಆಸುಪಾಸಿನಲ್ಲಿರಲಿ. ಹೆಚ್ಚಾದರೆ ಎಣಿಕೆಯಂತ್ರ ಮೊದಲು ಬಂದ ಫೋಟಾನನ್ನಷ್ಟೇ ಬರೆದು ಉಳಿದವನ್ನು ಬಿಡುತ್ತದೆ, ಹೊಳಪಿನ ಆಯಸ್ಸು ಇದ್ದದ್ದಕ್ಕಿಂತ ಕಡಿಮೆ ಎಂದು ಬರುತ್ತದೆ. ಕಡಲ ತಳದಲ್ಲಿ ಶಿಖರ ಕತ್ತರಿಸಿಹೋಯಿತಲ್ಲ, ರೋಗ ಅದೇ.

ಹೀಗಿರುವಾಗ ಪ್ರಯೋಗಾಲಯಗಳು ಹಿನ್ನೆಲೆ ಕಳೆದ ಚಿತ್ರವನ್ನು ಮಾತ್ರ ಭಂಡಾರಕ್ಕೆ ಸೇರಿಸಿ, ಹೋಲಿಕೆಗೆಂದು ತೆಗೆದ, ಬಣ್ಣ ಹಾಕದ ಕಂಟ್ರೋಲ್ ಚಿತ್ರಗಳನ್ನು ಅಳಿಸಿಹಾಕುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಕಚ್ಚಾ ಚಿತ್ರ, ಕಂಟ್ರೋಲ್, ಲೇಸರ್ ಬಲ, ದ್ರವದ ಹೆಸರು ಇಷ್ಟನ್ನು ಸೇರಿಸಿಟ್ಟರೆ ಇನ್ನೊಬ್ಬರು ಅದರಲ್ಲಿ ಬೇರೆಯದನ್ನು ಹುಡುಕಬಲ್ಲರು.

ಒಂದು ಕಡೆ ಮಾತ್ರ ಜೊಳ್ಳನ್ನು ಹಾಗೇ ತೆರೆದಿಡಬಾರದು. ಕಡಲಾಮೆಗಳನ್ನು ನೀರು-ಮರಳಿನಲ್ಲಿ ಉಳಿದ ಡಿಎನ್‌ಎಯಿಂದ ಪತ್ತೆಮಾಡುತ್ತಿದ್ದ ಫ್ಲೋರಿಡಾದ ಸಂಶೋಧಕರು 2023ರಲ್ಲಿ ತೋರಿಸಿದಂತೆ, ಅದೇ ಮಾದರಿಗಳಲ್ಲಿ ಮನುಷ್ಯರ ಡಿಎನ್‌ಎ ಕೂಡ ಇರುತ್ತದೆ, ವಂಶಮೂಲ ಮತ್ತು ರೋಗಸಂಬಂಧಿ ಬದಲಾವಣೆಗಳನ್ನು ಓದಬಹುದಾದಷ್ಟು ಚೆನ್ನಾಗಿ. ಅಲ್ಲಿ ಓಡಾಡಿದವರು ಯಾರೂ ಒಪ್ಪಿಗೆ ಕೊಟ್ಟಿಲ್ಲ. ಹಾಗಾಗಿ ಮಾದರಿ ತೆಗೆಯುವಾಗಲೇ ಶುದ್ಧ ನೀರನ್ನು ಅದೇ ಬಗೆಯ ಫಿಲ್ಟರಿನಲ್ಲಿ ಹಾಯಿಸಿದ ಖಾಲಿ ಮಾದರಿಯೊಂದನ್ನು ಇಡಬೇಕು. ಬಂದದ್ದು ಕಡಲಿನಿಂದಲೋ, ತೆಗೆದವರ ಕೈಯಿಂದಲೋ ತಿಳಿಯುವುದು ಅದರಿಂದ. ಆಮೇಲೆ ಮನುಷ್ಯನ ಜೀನೋಮ್‌ಗೆ ಹೊಂದುವ ಸರಣಿಗಳನ್ನು ಸಾರ್ವಜನಿಕ ಭಂಡಾರಕ್ಕೆ ಹಾಕುವ ಮೊದಲೇ ತೆಗೆದು, ಯಾವ ಜೀನೋಮ್ ಆವೃತ್ತಿಗೆ ಹೋಲಿಸಿ ತೆಗೆದರು, ಒಟ್ಟಿನಲ್ಲಿ ಶೇಕಡಾ ಎಷ್ಟು ಹೋಯಿತು, ಖಾಲಿ ಮಾದರಿಯಲ್ಲಿ ಎಷ್ಟಿತ್ತು ಎಂಬುದನ್ನು ಅದೇ ಕಡತದ ಮೊದಲ ಸಾಲಿನಲ್ಲಿ ಬರೆಯಬೇಕು.